ಬೇಡ ಎನ್ನದವನ ತಂಗಿ

ಲೂಪೆ ತನ್ನ ಅಣ್ಣ ಸೆಮಿಸಿಯೊಡನೆ ಒಂದೇ ಕೋಣೆಯಲ್ಲಿ ಕೊನೆಯ ಸಲ ಕೂತು ನಲವತ್ತೊಂಬತ್ತು ವರ್ಷವಾಗಿತ್ತು. ಅವರಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ದೀವಿಹಲಸಿನ ಮರ, ಒಂದು ಹಂದಿಗೂಡು ಮತ್ತು ಬಟ್ಟೆ ಒಣಹಾಕುವ ಒಂದು ತಂತಿ.

ಜಗಳವೇನೂ ಇರಲಿಲ್ಲ. ಟೋಂಗಾದಲ್ಲಿ ಮರ್ಯಾದಸ್ಥ ಅಣ್ಣತಂಗಿಯರು ಬದುಕುವುದೇ ಹೀಗೆ. ಲೂಪೆಗೆ ಹತ್ತು ತುಂಬಿದ ವರ್ಷ ಅಪ್ಪ ಹನ್ನೆರಡರ ಸೆಮಿಸಿಯ ಚಾಪೆಯನ್ನು ಸುತ್ತಿ ಹಿತ್ತಿಲಿನ ಹುಡುಗರ ಗುಡಿಸಲಿಗೆ ಎಸೆದ. ಅಂದಿನಿಂದ ಅಣ್ಣ ಮನೆಯೊಳಗೆ ಬರಬೇಕಾದರೆ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮುತ್ತಿದ್ದ. ತಂಗಿ ಕೈಯಲ್ಲಿದ್ದದ್ದನ್ನು ಬಿಟ್ಟು ಹಿಂದಿನ ಬಾಗಿಲಿಂದ ಹೊರಡುತ್ತಿದ್ದಳು. ಅವನಿರುವ ಕಡೆ ಇವಳು ಬಂದು ಕೂತರೆ ಅವನೇ ಎದ್ದು ಹೋಗುತ್ತಿದ್ದ. ಮಾತು ಹೇಳಬೇಕಾದರೆ ನಡುವೆ ಒಂದು ಮಗುವೋ ನೆರೆಯವಳೋ ಇರುತ್ತಿತ್ತು. ಇಗರ್ಜಿಯಲ್ಲಿ ಅವಳು ಮುಂದಿನ ಸಾಲು, ಅವನು ಕೊನೆಯ ಸಾಲು.

ಈ ದೂರಕ್ಕೆ ತಕ್ಕ ಪ್ರತಿಫಲವೂ ಇತ್ತು. ತಂಗಿಯೇ ಮೇಲು, ಅಣ್ಣ ಕೆಳಗೆ. ಹೊಲದ ಮೊದಲ ಹೆಗ್ಗೆಣಸು ಲೂಪೆಯ ಮನೆಗೆ ಬರುತ್ತಿತ್ತು. ಅಣ್ಣನ ಮಗನಿಗೆ ಫೆಲೆತಿ ಎಂದು ಹೆಸರಿಟ್ಟವಳು ಅವಳು. ಸೋದರತ್ತೆ ಇಡದೆ ಬೇರೆ ಯಾರು ಇಡಬೇಕು? ಆ ಮನೆಯ ಹಬ್ಬಗಳಲ್ಲಿ ಕೇಕಿನ ಮೇಲಿನ ಅಂತಸ್ತು, ಉಡುಗೊರೆಯ ರಾಶಿಯಲ್ಲಿ ಒಳ್ಳೆಯ ಬಟ್ಟೆ, ಸುಟ್ಟ ಹಂದಿಯ ಬೆನ್ನಭಾಗ ಅವಳದ್ದು. ಹೆಂಗಸರೆಲ್ಲ ಕೂತು ಕೇದಗೆ ಎಲೆಯ ಚಾಪೆ ನೇಯುವ ಮನೆಯಲ್ಲಿ ಅವಳು ಆಗಾಗ ಹೇಳುತ್ತಿದ್ದಳು: “ನಮ್ಮ ಸೆಮಿಸಿ ನನಗೆ ಬೇಡ ಅಂದೋನಲ್ಲ.”

ಪಕ್ಕದಲ್ಲಿ ನೇಯುವ ಮುದುಕಿ ವೀಕಾ ಮೂಗು ಮುರಿಯುತ್ತಿದ್ದಳು. “ಗೊತ್ತು ಕಣೇ. ದಿನಾ ಹೇಳ್ತೀಯ. ಚಾಪೆಯಲ್ಲೂ ಅದನ್ನೇ ನೇಯಿ.”

ಅವನು ಬೇಡ ಎನ್ನದೆ ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಕಲೋ. ಮದುವೆಯಾಗಿ ಒಂಬತ್ತು ವರ್ಷ ಕಳೆದರೂ ಲೂಪೆಯ ಮಡಿಲು ತುಂಬಲಿಲ್ಲ. ಆ ಹೊತ್ತಿಗೆ ಸೆಮಿಸಿಗೆ ಎರಡನೆಯ ಮಗು ಹುಟ್ಟಿತು, ಹೆಣ್ಣು. ಲೂಪೆ ವೀಕಾಳ ಕೈಯಲ್ಲಿ ಹೇಳಿಕಳಿಸಿದಳು: ಆ ಮಗು ನನಗೆ ಬೇಕು. ಕೇಳುವುದು ಸೋದರತ್ತೆಯ ಹಕ್ಕು. ಸೆಮಿಸಿ “ಆಗಲಿ” ಎಂದ. ಈಗ ಬದುಕಿಲ್ಲದ ಅವನ ಹೆಂಡತಿ ಅಂದು ಏನೆಂದಳೋ ಯಾರೂ ಕೇಳಲಿಲ್ಲ. ಮೂರು ತಿಂಗಳು ತುಂಬಿದ ದಿನ ಅವನೇ ಮಗುವನ್ನು ಎತ್ತಿಕೊಂಡು ಬಂದ. ಆ ದಿನ ಅವನಿಗೆ ನೆಗಡಿ ಇದ್ದಿರಬೇಕು, ಬಾಗಿಲಲ್ಲಿ ಬಹಳ ಹೊತ್ತು ಕೆಮ್ಮಿದ. ಲೂಪೆ ಹಿಂದಿನಿಂದ ಸುತ್ತಿ ಬಂದಾಗ ಹೊಸಿಲ ಒಳಗೆ ಚಾಪೆಯ ಮೇಲೆ ಮಗು ಮಲಗಿತ್ತು.

ಆ ಮಗುವಿಗೆ ಈಗ ಇಪ್ಪತ್ತಾರು. ಆಸ್ಪತ್ರೆಯಲ್ಲಿ ನರ್ಸು. ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಲೂಪೆಯನ್ನು ಅಮ್ಮ ಎನ್ನುತ್ತಾಳೆ, ಸೆಮಿಸಿಯನ್ನು ಮಾವ ಎನ್ನುತ್ತಾಳೆ. ಅವಳ ಬಾಯಿಂದ ದಿನಕ್ಕೆ ಹತ್ತು ಸಲ “ಬೇಡ” ಬರುತ್ತದೆ. ಬೆಳಗ್ಗೆ ಗೆಣಸು ಬೇಡ. ಪಾದ್ರಿಯ ತಮ್ಮನ ಮಗ ಬೇಡ. ಭಾನುವಾರ ಎರಡನೆಯ ಸಲ ಇಗರ್ಜಿ ಬೇಡ. ಐವತ್ತೊಂಬತ್ತರ ಲೂಪೆ ಮೊದಮೊದಲು ಬೆಚ್ಚುತ್ತಿದ್ದಳು, ಆಮೇಲೆ ರೇಗುತ್ತಿದ್ದಳು, ಈಚೆಗೆ ಈ ಪೀಳಿಗೆಗೆ ಹಲ್ಲಿನ ಜೊತೆಗೇ ಆ ಶಬ್ದ ಮೊಳೆತಿರಬೇಕು ಎಂದು ಸುಮ್ಮನಾಗುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಲೂಪೆ ಒಣಗಿದ ಕೇದಗೆಯ ಹೊರೆ ಹೊತ್ತು ಮನೆಗೆ ಬಂದು ಕೋಣೆಯ ಬಾಗಿಲು ತಳ್ಳಿದಳು. ಹೊರೆ ಕೈಯಿಂದ ಜಾರಿತು.

ಕಲೋಳ ಮಂಚದ ಮೇಲೆ ಕಲೋ ಮತ್ತು ಫೆಲೆತಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಭುಜಕ್ಕೆ ಭುಜ ತಗುಲಿತ್ತು. ಇಬ್ಬರ ಮುಖವೂ ಒಂದೇ ಫೋನಿನೊಳಗೆ ಇತ್ತು. ಒಡಹುಟ್ಟಿದ ಅಣ್ಣ ಮತ್ತು ತಂಗಿ! ಒಂದೇ ಮಂಚದ ಮೇಲೆ!

“ಏಳೋ!” ಲೂಪೆಯ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. “ಎದ್ದು ಆಚೆ ಹೋಗೋ, ಮಾನಗೆಟ್ಟವನೇ! ತಂಗಿ ಜೊತೆ ಕೂತು ಸಿನಿಮಾ ನೋಡ್ತೀಯಾ?”

ಫೆಲೆತಿ ಎದ್ದ. ಕಲೋ ಏಳಲಿಲ್ಲ.

“ಸಿನಿಮಾ ಅಲ್ಲ ಅತ್ತೆ,” ಎಂದ ಅವನು. “ಅಪ್ಪನ ಕಾಲು.”

ಕಲೋ ಫೋನನ್ನು ತಿರುಗಿಸಿ ಹಿಡಿದಳು. ಲೂಪೆ ಮುಖ ಹೊರಳಿಸುವ ಮುಂಚೆಯೇ ಕಣ್ಣು ನೋಡಿಯಾಗಿತ್ತು. ಎರಡು ಬೆರಳು ಸುಟ್ಟ ಬಾಳೆಕಾಯಿಯಂತೆ ಕಪ್ಪಾಗಿದ್ದವು. ಹಿಮ್ಮಡಿಯಲ್ಲಿ ಬಾಯಿ ತೆರೆದಂಥ ಗಾಯ. ಕೆಂಪು ಗೆರೆಯೊಂದು ಮೀನಖಂಡದತ್ತ ಏರಿತ್ತು. ಅಣ್ಣನ ಮೈಯನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಹತ್ತು ವರ್ಷದವಳಿದ್ದಾಗ.

“ಮುಚ್ಚೇ ಅದನ್ನ! ಯಾರು ತೆಗೆದಿದ್ದು?”

“ನಾನೇ. ಸಕ್ಕರೆ ಕಾಯಿಲೆ ಕಾಲಿಗಿಳಿದಿದೆ ಅಮ್ಮ. ಗುರುವಾರವೇ ಡಾಕ್ಟರು ಕತ್ತರಿಸ್ಬೇಕು ಅಂದ್ರು. ಮಾವ ‘ಆಗಲಿ, ನಾಳೆ ಬರ್ತೀನಿ’ ಅಂದು ಮನೆಗೆ ಬಂದ. ಶುಕ್ರವಾರ ಹೋಗಿಲ್ಲ. ಇವತ್ತೂ ಹೋಗಿಲ್ಲ. ಸೋಮವಾರದ ಹೊತ್ತಿಗೆ ರಕ್ತಕ್ಕೆ ಸೇರುತ್ತೆ. ಆಮೇಲೆ ಕಾಲಲ್ಲ ಹೋಗೋದು, ಆಳೇ.”

“ಅವನಿಗೆ ಬುದ್ಧಿ ಹೇಳೋರಿಲ್ವೇನೋ?”

“ನಾನು ಹೇಳ್ದೆ, ಆಗಲಿ ಅಂದ. ಪಾದ್ರಿ ಹೇಳಿದ್ರು, ಆಗಲಿ ಅಂದ. ಎಲ್ಲಾರ್ಗೂ ಆಗಲಿ. ಮಂಚದಿಂದ ಮಾತ್ರ ಏಳಲ್ಲ.” ಫೆಲೆತಿ ಕಣ್ಣುಜ್ಜಿದ. “ನೀವು ಹೇಳಿದ್ರೆ ಏಳ್ತಾನೆ ಅತ್ತೆ. ಒಳಗೆ ಹೋಗಿ ಎದುರಿಗೆ ಕೂತು ಹೇಳಿ.”

ಸಾಯುವವನ ಸುದ್ದಿಗಿಂತ ಆ ಕೇಳಿಕೆಯೇ ಲೂಪೆಗೆ ಒಂದು ಕ್ಷಣ ಘೋರವೆನಿಸಿತು ಎಂಬುದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ.

“ಅಣ್ಣ ಮಲಗೋ ಕೋಣೆಗೆ ನಾನು ಹೋಗ್ಲಾ? ಅವನ ಕಾಲು, ಅವನ ಮೈ ಅಂತ ಈ ಬಾಯಲ್ಲಿ ಮಾತಾಡ್ಲಾ? ನಾಚಿಕೆ ಇಲ್ವೇನ್ರೋ ನಿಮಗೆ?”

“ನಾಚಿಕೆಗೆ ಕಾಲಿಲ್ಲ ಅಮ್ಮ, ಮಾವನಿಗಿದೆ,” ಎಂದಳು ಕಲೋ. “ಸೋಮವಾರದ ತನಕ.”

ಲೂಪೆ ಅಂಗಳಕ್ಕೆ ಹೋಗಿ ನಿಂತಳು. ಆಚೆ ಮನೆಯ ಕಿಟಕಿಗೆ ಬಟ್ಟೆ ಇಳಿಬಿಟ್ಟಿತ್ತು. ಹೇಳಿಕಳಿಸಿದರೆ ಅವನು ಆಗಲಿ ಎನ್ನುತ್ತಾನೆ, ಮಲಗಿಯೇ ಇರುತ್ತಾನೆ. ಮಾತಿನಿಂದ ಆಗುವ ಕೆಲಸ ಅಲ್ಲ ಇದು. ಹಾಗಾದರೆ ಯಾವುದರಿಂದ? ಹಂದಿಗೂಡಿನ ಬಳಿ ಅವಳು ಎರಡು ಸಲ ಶತಪಥ ಹಾಕಿದಳು. ಆಮೇಲೆ ಒಳಗೆ ಬಂದು, ದೊಡ್ಡವರ ಎದುರಿಗೆ ಹೋಗುವಾಗ ಉಡುವ ಸೊಂಟದ ಚಾಪೆಯನ್ನು ತೆಗೆದು ಬಿಗಿಯಾಗಿ ಕಟ್ಟಿಕೊಂಡಳು.

“ಫೆಲೆತಿ, ನಿನ್ನ ಗಾಡೀನ ಅವನ ಹಿತ್ತಿಲ ಬಾಗಿಲಿಗೆ ತಂದು ನಿಲ್ಸು.”

“ಯಾಕತ್ತೆ?”

“ನಾನು ಮುಂದಿನ ಬಾಗಿಲಲ್ಲಿ ಹೋಗ್ತೀನಿ.”

ಫೆಲೆತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಲೋಗೆ ತಕ್ಷಣ ಆಯಿತು. ಅವಳು ಚಪ್ಪಲಿಯನ್ನೂ ಹುಡುಕದೆ ಗಾಡಿಯತ್ತ ಓಡಿದಳು.

ಲೂಪೆ ಅಣ್ಣನ ಹೊಸಿಲು ದಾಟಿದಳು. ಒಳಗೆ ಕೊಳೆತ ಮೀನಿನ ವಾಸನೆ. ನಡುಮನೆಯ ನಟ್ಟನಡುವೆ, ಒಳಕೋಣೆಗೆ ಬೆನ್ನು ಹಾಕಿ ಕೂತಳು. ಕಂಕುಳಲ್ಲಿ ತಂದಿದ್ದ ಅರ್ಧ ನೇಯ್ದ ಚಾಪೆಯನ್ನು ತೊಡೆಯ ಮೇಲೆ ಹರವಿಕೊಂಡಳು.

ಒಳಗಿನಿಂದ ಎರಡು ಕೆಮ್ಮು.

ನಲವತ್ತೊಂಬತ್ತು ವರ್ಷ ಆ ಎರಡು ಕೆಮ್ಮಿಗೆ ಎದ್ದು ಹೋದ ಕಾಲುಗಳು ಅವು. ಲೂಪೆ ಅವನ್ನು ಕೈಯಿಂದ ಒತ್ತಿಹಿಡಿದಳು. ಮತ್ತೆ ಕೆಮ್ಮು. ಅವಳು ಏಳಲಿಲ್ಲ; ಎಲೆಯ ಮೇಲೆ ಎಲೆ ಹಾಯಿಸಿದಳು. ಮೂರನೆಯ ಸಲದ ಕೆಮ್ಮು ಬೇಡುವವನದಾಗಿತ್ತು.

ಬೇಲಿಯಾಚೆಯಿಂದ ವೀಕಾ ಇಣುಕಿದವಳು ಚೀರಿದಳು: “ಲೂಪೆ! ಅದು ನಿನ್ನ ಮನೆ ಅಲ್ಲ ಕಣೇ! ಬಿಸಿಲು ತಲೆಗೇರ್ತಾ?”

“ಬಾಯಿ ಮುಚ್ಚಿಕೊಂಡು ಹೋಗೇ. ಗೊತ್ತಿದೆ ನನಗೆ.”

ಒಳಗೆ ಮಂಚ ಕಿರುಗುಟ್ಟಿತು. ಏನೋ ಭಾರವಾದದ್ದು ನೆಲಕ್ಕೆ ಬಿತ್ತು. ತೆವಳುವ ಸದ್ದು. ಹಿಂಬಾಗಿಲಿಂದ ಫೆಲೆತಿ ನುಗ್ಗಿದ್ದು ಕೇಳಿಸಿತು. “ಅಪ್ಪ, ತಡಿ, ನಾನು ಎತ್ಕೋತೀನಿ.” ಅದರ ಹಿಂದೆಯೇ ಏದುಸಿರು ಬಿಡುತ್ತಿದ್ದ ಗಂಡಸಿನ ದನಿ: “ಬೇಗ ಎತ್ತೋ. ತಂಗಿ ಒಳಗೆ ಕೂತಿದ್ದಾಳೆ. ನಾನಿಲ್ಲಿ ಇರೋ ಹಾಗಿಲ್ಲ.” ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಗಾಡಿಯ ಬಾಗಿಲು ಬಡಿಯಿತು, ಎಂಜಿನ್ನು ಗೊರಗುಟ್ಟಿತು, ಕೋಳಿಗಳು ಚೆದುರಿದವು.

ಗೆದ್ದೆ ಎಂದುಕೊಂಡಳು ಲೂಪೆ. ಬೆನ್ನು ಬೆವರಿನಲ್ಲಿ ತೊಯ್ದಿತ್ತು.

ಕೆಟ್ಟದ್ದಂತೂ ಕೆಟ್ಟಾಗಿದೆ, ಈ ವಾಸನೆಯನ್ನಾದರೂ ತೊಳೆದು ಹೋಗೋಣ ಎಂದು ಬಕೆಟ್ಟಿನಲ್ಲಿ ನೀರು ತಂದು ಒಳಕೋಣೆಗೆ ಹೋದಳು. ಹಾಸಿಗೆಯ ಬಟ್ಟೆ ಎಳೆದುಹಾಕಿದಳು. ಮಂಚದಡಿ ಗುಡಿಸಲು ಬಾಗಿದಾಗ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದು ಕಾಣಿಸಿತು. ಸಕ್ಕರೆ ಕಾಯಿಲೆಯವನಿಗೆ ಬಿಸ್ಕತ್ತು! ಸಿಟ್ಟಿನಿಂದಲೇ ಮುಚ್ಚಳ ಕಿತ್ತಳು.

ಒಳಗಿದ್ದದ್ದು ಮಾತ್ರೆಗಳು. ಒಂಬತ್ತು ಕಾಗದದ ಚೀಲ, ಒಂದರ ಮೇಲೊಂದು, ತಿಂಗಳ ಕ್ರಮದಲ್ಲಿ. ಒಂದೊಂದರ ಮೇಲೂ ಕಲೋಳ ಕೈಬರಹ: ‘ಲೂಪೆ ಹೇಳಿಕಳಿಸಿದ್ದು. ತಪ್ಪದೆ ನುಂಗಬೇಕು.’ ಹಾಗೆ ಬರೆ ಎಂದು ಕಳೆದ ವರ್ಷ ಅಪ್ಪಣೆ ಮಾಡಿದ್ದವಳು ಲೂಪೆಯೇ. ಪ್ರತಿ ತಿಂಗಳೂ ಕಲೋ ಬಂದು ವರದಿ ಒಪ್ಪಿಸುತ್ತಿದ್ದಳು: “ಕೊಟ್ಟೆ. ಆಗಲಿ ಅಂದ.” ಒಂದು ಚೀಲವನ್ನೂ ಬಿಚ್ಚಿರಲಿಲ್ಲ. ತಂಗಿ ಕೊಟ್ಟದ್ದು, ಎಸೆಯುವಂತಿಲ್ಲ. ಆದ್ದರಿಂದ ಮದುವೆಯ ಬಟ್ಟೆಯಂತೆ ಜೋಡಿಸಿಟ್ಟಿದ್ದ. ನುಂಗಿರಲಿಲ್ಲ.

ಲೂಪೆ ನೆಲದ ಮೇಲೆಯೇ ಕೂತಳು.

ಬೇಡ ಎನ್ನದವನು. ಆ ಮಾತನ್ನು ಅವಳು ಎಷ್ಟು ಸಾವಿರ ಸಲ ಆಡಿದ್ದಳು! ಹೆಗ್ಗೆಣಸಿಗೆ ಆಗಲಿ. ಹಂದಿಗೆ ಆಗಲಿ. ಅವನು ಮನಸ್ಸಿನಲ್ಲಿ ಬೇರೊಂದು ಹೆಸರಿಟ್ಟುಕೊಂಡಿದ್ದನೇನೋ, ಆದರೂ ಫೆಲೆತಿ ಎಂಬ ಹೆಸರಿಗೆ ಆಗಲಿ. ಮಾತ್ರೆಗೆ ಆಗಲಿ. ಆಗಲಿ ಎಂಬ ಮಾತಿನೊಳಗೆ ಏನಿರುತ್ತದೆಂದು ಈಗ ಡಬ್ಬಿ ತೆರೆದು ನೋಡಿಯಾಯಿತು. ಇಪ್ಪತ್ತಾರು ವರ್ಷದ ಹಿಂದೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಅಷ್ಟು ಹೊತ್ತು ಕೆಮ್ಮಿದನಲ್ಲ, ಅದು ನೆಗಡಿಯೇ? ಆ ತಿಂಗಳು ಊರಲ್ಲಿ ಯಾರಿಗೂ ನೆಗಡಿ ಇರಲಿಲ್ಲ.

ಸೊಂಟದಲ್ಲಿದ್ದ ಫೋನು ಗುಂಯ್‌ಗುಟ್ಟಿತು.

“ಅಮ್ಮ, ಒಪ್ಪಿದ!” ಕಲೋ ಏದುತ್ತಿದ್ದಳು. “ಡಾಕ್ಟರು ಕೇಳಿದ್ರು, ಆಗಲಿ ಅಂದ. ಕಾಗದ ತರ್ತಿದಾರೆ.”

“ಆಗಲಿ ಅಂದ್ನಾ?”

“ಹೂಂ ಅಮ್ಮ! ನೀನು ಗೆದ್ದೆ!”

“ಇನ್ನೊಂದ್ಸಲ ಕೇಳು.”

“ಏನು?”

“ನಾನು ಹೇಳಿದ್ದು ಅನ್ಬೇಡ. ನನ್ನ ಹೆಸರೇ ಎತ್ಬೇಡ. ನಿನ್ನ ಕಾಲು, ನಿನಗೆ ಏನು ಬೇಕು ಅಂತ ಕೇಳು. ಬೇಡ ಅಂದ್ರೆ ಮನೆಗೆ ಕರ್ಕೊಂಡು ಬಾ. ನಾನು ಇಲ್ಲಿಂದ ಎದ್ದು ಹೋಗಿರ್ತೀನಿ.”

“ತಲೆ ಕೆಟ್ಟಿದೆಯಾ ನಿನಗೆ? ಬೇಡ ಅಂದುಬಿಟ್ರೆ?”

ಬೇಡ ಎಂದರೆ ಸೋಮವಾರ, ಹೆಚ್ಚೆಂದರೆ ಬುಧವಾರ. ಹೆಣದ ತಲೆಯ ಬಳಿ ಕೂರುವ ಗೌರವದ ಜಾಗವೂ ಲೂಪೆಯದ್ದೇ. “ಕೇಳು ಅಂದೆ,” ಎಂದಳು, ಫೋನಿಟ್ಟಳು.

ಅರ್ಧ ಗಂಟೆ ಅವಳು ನೆಲ ತೊಳೆದಳು. ತೊಳೆದ ಜಾಗವನ್ನೇ ಮತ್ತೆ ತೊಳೆದಳು. ದಿನಕ್ಕೆ ಹತ್ತು ಸಲ ಮುಖಕ್ಕೆ ಹೊಡೆದಂತೆ ಬೇಡ ಎನ್ನುವ ಹುಡುಗಿಯ ಮಾತೊಂದೇ ಈ ಎರಡು ಮನೆಗಳಲ್ಲಿ ನಂಬತಕ್ಕದ್ದಾಗಿತ್ತು ಎಂದು ಹೊಳೆದಾಗ ಚಿಂದಿ ಹಿಡಿದ ಕೈ ನಿಂತಿತು.

ಫೋನು ಮತ್ತೆ ಬಂತು.

“ಕೇಳ್ದೆ,” ಎಂದಳು ಕಲೋ. ದನಿ ಬೇರೆಯಾಗಿತ್ತು. “ಬಹಳ ಹೊತ್ತು ನನ್ನ ಮುಖಾನೇ ನೋಡ್ತಾ ಇದ್ದ. ಆಮೇಲೆ ಡಾಕ್ಟರಿಗೇ ಜೋರು ಮಾಡಿದ. ಮೊಣಕಾಲಿಂದ ಕೆಳಗೆ ಕತ್ತರಿಸಿ, ಮೇಲೆ ಬೇಡ ಅಂದ. ಅವರು ನೋಡೋಣ ಅಂದ್ರು. ನೋಡೋಣ ಅಲ್ಲ, ಬೇಡ ಅಂದ. ಬರೆಸಿಕೊಂಡು ಸಹಿ ಹಾಕಿದ. ಈಗ ಒಳಗೆ ಕರ್ಕೊಂಡು ಹೋದ್ರು.”

“ಬೇಡ ಅಂದ್ನಾ?”

“ಅಂದ. ಇಡೀ ವಾರ್ಡಿಗೆ ಕೇಳೋ ಹಾಗೆ.”

ಲೂಪೆ ಗೋಡೆಗೆ ಕೈ ಊರಿದಳು. ಅಣ್ಣನ ಬಾಯಲ್ಲಿ ಆ ಶಬ್ದ ಹೇಗೆ ಕೇಳಿಸುತ್ತದೆಂದು ಊಹಿಸಲು ನೋಡಿದಳು, ಆಗಲಿಲ್ಲ.

“ಇನ್ನೇನೇನು ಬೇಡ ಅಂದ?”

“ಇನ್ನೇನಿಲ್ಲ. ಅಷ್ಟೇ ಅಮ್ಮ.”

ಕಲೋ ಸುಳ್ಳು ಹೇಳುವವಳಲ್ಲ. ಆದರೂ, ಮಗುವನ್ನೆತ್ತಿ ಬಾಗಿಲಲ್ಲಿ ಕೆಮ್ಮುತ್ತ ನಿಂತವನು ನೆನಪಾಗಿ, ಜೀವನದಲ್ಲಿ ಮೊದಲ ಸಲ ಲೂಪೆ ಅವಳ ಮಾತನ್ನು ನಂಬಲಿಲ್ಲ.