ಅಂಚಿನಲ್ಲಿ ಅಳಿಸಿದ ಸಾಲು

ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತಾಗ ಮೊದಲು ಹೊರಗೆ ಬಂದದ್ದು ಇಂಗಿನ ವಾಸನೆ. ಮೇಲಿನ ರೂಮಿನಿಂದ ಮಗಳು “ಮಾಮ್, ವಾಟ್ ಈಸ್ ದಟ್ ಸ್ಮೆಲ್?” ಎಂದು ಕೂಗಿದಳು. ಒಳಗಿದ್ದವು ಹನ್ನೆರಡು ಕನ್ನಡ ಕಾದಂಬರಿಗಳು. ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್‌ನ ಓದುಗರ ಗುಂಪಿನ ಹೆಂಗಸೊಬ್ಬರು ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋಗುವಾಗ, ಇವು ನಿಮ್ಮ ಕಡೆಯವು ಎಂದು ಚೀಟಿ ಬರೆದು, ಇಲ್ಲಿಗೆ ಮದುವೆಗೆ ಬರುವವರ ಕಾರಿನಲ್ಲಿ ಕಳಿಸಿದ್ದರು. ಹನ್ನೊಂದು ಪುಸ್ತಕಕ್ಕೆ ಹಳೆಯ ಕಾಗದದ ವಾಸನೆ. ಇಂಗಿನದು ಒಂದೇ ಒಂದಕ್ಕೆ... ಅದು ಯಾರ ಮನೆಯಲ್ಲಿ ಇದ್ದು ಹೋಗಿದ್ದು ಎಂದು ರಕ್ಷಾಪುಟ ನೋಡದೆಯೇ ಹೇಳಬಹುದಾಗಿತ್ತು.

ಆ ಮನೆಯವರನ್ನು ನಾವೆಲ್ಲ ಆಂಟಿ ಎಂದೇ ಕರೆಯುತ್ತಿದ್ದೆವು. ಹೆಸರು ಇಲ್ಲಿ ಬೇಡ. ಒಮ್ಮೆ ಆ ಹೆಸರನ್ನು ಹಾಳು ಮಾಡಿದ್ದೇನೆ, ಅಷ್ಟು ಸಾಕು.

ಆಂಟಿ ಧಾರವಾಡದ ಕಡೆಯವರು. ಬೋಲಿಂಗ್‌ಬ್ರೂಕ್‌ನಲ್ಲಿ ಅವರ ಮನೆ, ನಮ್ಮ ಪ್ಲೇನ್‌ಫೀಲ್ಡ್ ಮನೆಯಿಂದ ಹನ್ನೆರಡು ಮೈಲಿ. ಅವರು ಪುಸ್ತಕಗಳನ್ನು ಅಡುಗೆಮನೆಯ ಪ್ಯಾಂಟ್ರಿಯಲ್ಲಿ, ಬೇಳೆ ಡಬ್ಬಗಳ ಪಕ್ಕದಲ್ಲಿ ಇಡುತ್ತಿದ್ದರು. ಇಂಗಿನ ಹತ್ತಿರ ಇಟ್ಟರೆ ಹುಳ ಬರುವುದಿಲ್ಲವೆಂಬುದು ಅವರ ವಾದ. ಇಲ್ಲಿನ ಚಳಿಗೆ ಯಾವ ಹುಳ ಬದುಕುತ್ತದೆ ಎಂದು ನಾವು ರೇಗಿಸಿದರೂ ಅವರು ಜಾಗ ಬದಲಿಸಲಿಲ್ಲ.

ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ನಾವು ಏಳು ಜನ ಯಾರಾದರೊಬ್ಬರ ಬೇಸ್‌ಮೆಂಟಿನಲ್ಲಿ ಸೇರುತ್ತಿದ್ದೆವು. ಆಗಷ್ಟೇ ಓದಿದ ಕಾದಂಬರಿಯ ಬಗ್ಗೆ ಮಾತು, ನಡುವೆ ಅವಲಕ್ಕಿ, ಕಾಫಿ. ಬೆಂಗಳೂರಿಗೆ ಹೋದವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಗೆ ಜಾಗ ಕಡಿಮೆ ಮಾಡಿಕೊಂಡು ಐದಾರು ಪುಸ್ತಕ ತರುತ್ತಿದ್ದರು. ಒಂದೊಂದು ಪುಸ್ತಕಕ್ಕೆ ಒಂದೇ ಪ್ರತಿ, ಏಳು ಮನೆಗೆ. ಮೊದಲ ಖಾಲಿ ಹಾಳೆಯಲ್ಲಿ ಸರದಿಯ ಹೆಸರುಗಳು, ಒಬ್ಬೊಬ್ಬರಿಗೆ ಹತ್ತು ದಿನ. ಓದುವಾಗ ಅನ್ನಿಸಿದ್ದನ್ನು ಪುಟದ ಅಂಚಿನಲ್ಲೇ ಬರೆಯಬೇಕು, ಪೆನ್ಸಿಲ್‌ನಲ್ಲಿ ಮಾತ್ರ. ನಮ್ಮದು ಮುಗಿದ ಮೇಲೆ ಪುಸ್ತಕ ನಾರ್ತ್‌ವಿಲ್‌ನ ಗುಂಪಿಗೆ ಹೋಗುತ್ತಿತ್ತು. ಆಂಟಿಯ ತಂಗಿ ಅಲ್ಲಿದ್ದರು. ಎರಡು ಮೂರು ತಿಂಗಳಿಗೊಮ್ಮೆ ಅಕ್ಕನನ್ನು ನೋಡಲು ಡ್ರೈವ್ ಮಾಡಿಕೊಂಡು ಬಂದವರು ವಾಪಸು ಹೋಗುವಾಗ ಕಟ್ಟು ಅವರ ಕಾರಿನ ಡಿಕ್ಕಿ ಸೇರುತ್ತಿತ್ತು.

ಇನ್ನೊಂದು ನಿಯಮವಿತ್ತು, ಅದನ್ನು ಮಾಡಿದ್ದು ನಾನು. ಒಳಗೆ ಬರುವಾಗ ಚಪ್ಪಲಿಯ ಜೊತೆಗೆ ಫೋನನ್ನೂ ಬಾಗಿಲಲ್ಲಿ ಬಿಡಬೇಕು. ಅದಕ್ಕೆಂದೇ ಒಂದು ಬೆತ್ತದ ಬುಟ್ಟಿ. ಕಾದಂಬರಿಯ ನೆಪದಲ್ಲಿ ಹೆಂಗಸರು ತಮ್ಮ ಮನೆಯ ಮಾತನ್ನೇ ಆಡುತ್ತಾರೆ ಎಂಬುದು ಎರಡನೆಯ ತಿಂಗಳಿಗೇ ಗೊತ್ತಾಗಿತ್ತು. ನನಗೆ ಅನುಮಾನ ಹುಟ್ಟುಗುಣ. ಹಾಲಿನ ಕ್ಯಾನಿನ ಮೇಲಿನ ತಾರೀಕನ್ನು ಅಂಗಡಿಯಲ್ಲೊಮ್ಮೆ, ಮನೆಯಲ್ಲೊಮ್ಮೆ ನೋಡುವವಳು ನಾನು. ಯಾವ ಕಾದಂಬರಿಯಾದರೂ ಸರಿ, ಬರೆದವರು ಕೊನೆಗೆ ಮೋಸ ಮಾಡಿದ್ದಾರೆಯೇ ಎಂದು ಮೊದಲು ಕಡೆಯ ಪುಟ ಓದಿಯೇ ಶುರುಮಾಡುತ್ತೇನೆ.

ಗುಂಪಿನಲ್ಲಿ ನಾನೇ ಚೆನ್ನಾಗಿ ಓದುವವಳು ಎಂದುಕೊಂಡಿದ್ದೆ. ನಾನು ಭಾಷೆ, ತಂತ್ರ ಎಂದು ಅರ್ಧ ಗಂಟೆ ಮಾತನಾಡಿ ಮುಗಿಸಿದ ಮೇಲೆ ಆಂಟಿ ಕನ್ನಡಕ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದರು. ಒಮ್ಮೆ ಬಹಳ ಹೊಗಳಿಸಿಕೊಂಡ ಕಾದಂಬರಿಯೊಂದರ ಬಗ್ಗೆ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ನಾನೂರು ಪಾನದಾಗ ಒಬ್ರೂ ಊಟಾ ಮಾಡಂಗಿಲ್ಲ ನೋಡ್ರಿ. ಬರೇ ವಿಚಾರ ಮಾಡ್ತಾರ. ಹೊಟ್ಟಿಗೇನು ತಿಂತಾರ ಇವರು?” ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಆ ನಾನೂರು ಪುಟ ತಿರುವಿದರೆ ನಿಜವಾಗಿಯೂ ಯಾರೂ ಉಂಡಿರಲಿಲ್ಲ! ಹೊಟ್ಟೆಯುರಿಯಿತು. ಇಷ್ಟು ಚುರುಕಾದ ಮಾತು ಇವರದೇ ಇರಲಿಕ್ಕಿಲ್ಲ, ಎಲ್ಲಿಂದಲೋ ಎತ್ತಿದ್ದು ಎಂದು ಗಂಟೆಗಟ್ಟಲೆ ಇಂಟರ್‌ನೆಟ್ ಜಾಲಾಡಿದೆ. ಏನೂ ಸಿಗಲಿಲ್ಲ.

ಬುಟ್ಟಿಗೆ ಫೋನ್ ಹಾಕದವರು ಆಂಟಿ ಒಬ್ಬರೇ. ಅವರ ಗಂಡ, ನಮ್ಮೆಲ್ಲರ ಅಂಕಲ್, ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದರು. ಶನಿವಾರ ಮೂರು ಗಂಟೆ ಹೊತ್ತು ಒಬ್ಬ ನರ್ಸ್ ಬರುತ್ತಿದ್ದಳು. ಅವರಿಗೆ ಏನಾದರೂ ಬೇಕಾದರೆ ಫೋನ್ ಬರುತ್ತದೆಂದು ಆಂಟಿ ಹೇಳಿದ್ದರಿಂದ ಯಾರೂ ಆಕ್ಷೇಪಿಸಿರಲಿಲ್ಲ. ಆದರೆ ನಾನು ನೋಡುತ್ತಲೇ ಇದ್ದೆ. ಎರಡು ವರ್ಷದಲ್ಲಿ ಒಂದು ದಿನವೂ ಆ ಫೋನ್ ರಿಂಗ್ ಆಗಲಿಲ್ಲ. ಸೀರೆಯ ಮಡಿಲಲ್ಲಿ ಬೋರಲಾಗಿ ಮಲಗಿರುತ್ತಿತ್ತು, ಅಂಚಿನಲ್ಲಿ ಮಾತ್ರ ಸಣ್ಣಗೆ ಬೆಳಕು...

ಆ ಶರತ್ಕಾಲದಲ್ಲಿ ನಾವು ಓದಿದ್ದು ಹೊಸ ಲೇಖಕಿಯೊಬ್ಬರ ಕಾದಂಬರಿ. ಅದರಲ್ಲಿ ಅತ್ತೆಯ ಕರ್ಮಾಂತರ ಮುಗಿದ ಮಾರನೆಯ ದಿನ ಸೊಸೆ ಮನೆಯ ಕಿಟಕಿಗಳನ್ನೆಲ್ಲ ತೆರೆದು ಸುಮ್ಮನೆ ಕುಳಿತುಬಿಡುತ್ತಾಳೆ, ಅಳುವುದಿಲ್ಲ. ಕಲ್ಲು ಮನಸ್ಸಿನವಳು ಎಂದರು ಒಬ್ಬರು. ನನಗೆ ತಡೆಯಲಾಗಲಿಲ್ಲ. ನಮ್ಮ ಅತ್ತೆ ಕೊನೆಯ ಎರಡೂವರೆ ವರ್ಷ ನಮ್ಮ ಮನೆಯಲ್ಲೇ ಇದ್ದರು. ಮೈ ಒರೆಸಿದ್ದು, ಮಾತ್ರೆ ಕೊಟ್ಟದ್ದು, ಅವರ ನರಳಾಟ ಕೇಳುತ್ತ ಎದ್ದು ಕೂತದ್ದು ನಾನು. “ನಮ್ಮತ್ತೆ ಹೋದ ದಿನ ನಾನೂ ಅಳ್ಲಿಲ್ಲ. ಮೈಯೆಲ್ಲ ಹಗುರ ಆಯ್ತು” ಎಂದುಬಿಟ್ಟೆ. ಆಂಟಿ ಕೈ ಚಾಚಿ ನನ್ನ ಮಂಡಿ ಮುಟ್ಟಿದರು. ಆ ಮುಟ್ಟಿದ್ದರ ಬಗ್ಗೆಯೂ ಆಮೇಲೆ ಅನುಮಾನಪಟ್ಟೆ.

ಮೂರು ತಿಂಗಳು ಕಳೆದಿರಬೇಕು. ನಾರ್ತ್‌ವಿಲ್‌ನಲ್ಲಿರುವ ನನ್ನ ನಾದಿನಿ ತನ್ನ ಅಣ್ಣನಿಗೆ, ಅಂದರೆ ನನ್ನ ಗಂಡನಿಗೆ, ಫೋನ್ ಮಾಡಿದಳು. ಮಾತು ಮುಗಿಸಿ ಅವರು ಅಡುಗೆಮನೆಗೆ ಬಂದು ನಿಂತರು. “ಅಮ್ಮ ಹೋದಾಗ ನಿಂಗೆ ಹಗುರ ಆಯ್ತಂತೆ. ಹೌದಾ?” ಹೌದು ಎಂದೆ. ಯಾವ ಹಗುರ, ಯಾಕೆ ಹಗುರ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಅಂದಿನಿಂದ ತಂಗಿಯ ಜೊತೆ ಮಾತಾಡಬೇಕಾದರೆ ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಕುಳಿತು ಮಾತಾಡತೊಡಗಿದರು. ಅತ್ತೆಯ ತಿಥಿಯ ಅಡುಗೆಯನ್ನು ಆ ವರ್ಷ ಹೊರಗಿನಿಂದ ತರಿಸಿದರು. ನನ್ನ ಕೈಯದು ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ಅರ್ಥವಾಯಿತು. ಅಷ್ಟು ನೋವು ನನಗೆ ಯಾವತ್ತೂ ಆಗಿರಲಿಲ್ಲ.

ಯಾರು ಹೇಳಿದರು ಎಂದು ನಾದಿನಿಯನ್ನು ಕೇಳಿದರೆ “ಹೇಗೋ ಗೊತ್ತಾಯ್ತು ಬಿಡಿ ಅತ್ತಿಗೆ” ಎಂದಳು. ಆರು ಜನರನ್ನು ಒಬ್ಬೊಬ್ಬರಾಗಿ ಮನಸ್ಸಿನಲ್ಲೇ ವಿಚಾರಣೆ ಮಾಡಿದೆ. ಒಬ್ಬಳಿಗೆ ಡೆಟ್ರಾಯಿಟ್ ಕಡೆ ಯಾರೂ ಗೊತ್ತಿಲ್ಲ. ಇನ್ನೊಬ್ಬಳಿಗೆ ಅವಳ ಅತ್ತೆಯ ವಿಷಯದಲ್ಲಿ ಇನ್ನೂ ದೊಡ್ಡ ಗುಟ್ಟಿದೆ, ಅದು ನನಗೆ ಗೊತ್ತು, ಆದ್ದರಿಂದ ಬಾಯಿಬಿಡಳು. ಹೀಗೆ ಅಳೆದೂ ಸುರಿದೂ ಕೊನೆಗೆ ಉಳಿದದ್ದು ನಾರ್ತ್‌ವಿಲ್‌ನಲ್ಲಿ ತಂಗಿಯಿದ್ದ, ಮಡಿಲಲ್ಲಿ ಫೋನ್ ಇಟ್ಟುಕೊಂಡ ಆಂಟಿ.

ಮುಂದಿನ ಶನಿವಾರ ಅವಲಕ್ಕಿ ತಟ್ಟೆ ಕೈಗೆ ಬರುವ ಮೊದಲೇ ಕೇಳಿದೆ. “ಆಂಟಿ, ಆ ಫೋನ್ ತಿರುಗಿಸಿ ಇಡಿ ನೋಡೋಣ.” ಅವರು ತಿರುಗಿಸಿದರು. ಪರದೆಯ ಮೇಲೆ ಕಾಲ್ ನಡೆಯುತ್ತಿತ್ತು, ಇಪ್ಪತ್ತಮೂರು ನಿಮಿಷ ಆಗಿತ್ತು.

ಆಂಟಿಯ ಮುಖ ಕೆಂಪಾಯಿತು. “ನಮ್ಮನಿಯವ್ರು ಕೇಳ್ತಿರ್ತಾರವಾ. ಕಾದಂಬರಿ ಅಂದ್ರ ಅವರಿಗೆ ಜೀವ. ಈಗ ಓದಲಿಕ್ಕೆ ಆಗಂಗಿಲ್ಲ, ಮಾತೂ ಬರಂಗಿಲ್ಲ. ನಾ ಓದಿ ಹೇಳ್ತೀನಿ. ನೀವೆಲ್ಲಾ ಏನಂತೀರಿ ಅಂತ ಕೇಳೂ ಆಸೆ... ಹೇಳಬೇಕಿತ್ತು, ತಪ್ಪಾತು.”

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೇಳುವ ಕಿವಿ ಒಂದೇ ಎಂದು ನಾವು ಹೇಗೆ ನಂಬುವುದು, ನಾರ್ತ್‌ವಿಲ್ ತನಕ ಹೋದ ಮಾತು ಬೇರೆ ಯಾವ ದಾರಿಯಲ್ಲಿ ಹೋಯಿತು, ನನ್ನ ಸಂಸಾರಕ್ಕೆ ಕಡ್ಡಿ ಗೀರಿ ನಿಮಗೇನು ಸಿಕ್ಕಿತು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಫೋನ್ ಇನ್ನೂ ಆನ್ ಆಗಿಯೇ ಇತ್ತು. ಮಾತು ಬಾರದ ಮನುಷ್ಯ ಅತ್ತ ಮಲಗಿ ಅದನ್ನೆಲ್ಲ ಕೇಳಿಸಿಕೊಂಡಿರಬೇಕು ಎಂದು ಹೊಳೆದದ್ದು ವಾಪಸು ಮನೆಗೆ ಬರುವಾಗ, ಹೈವೇಯ ಎಕ್ಸಿಟ್ ದಾಟಿದ ಮೇಲೆ.

ಆಂಟಿ ಎದ್ದರು. ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತು, ನನ್ನೊಬ್ಬಳಿಗೇ ಕೇಳುವ ಹಾಗೆ ಹೇಳಿದರು: “ಆ ಕಿಟಕಿ ಪುಸ್ತಕ ಒಮ್ಮೆ ತರಿಸಿ ನೋಡು ತಂಗಿ.” ವಿಷಯ ಮರೆಸುವ ಜಾಣತನ ಎಂದುಕೊಂಡೆ. ಆ ಸಂಜೆಯೇ ಅವರನ್ನು ವಾಟ್ಸಾಪ್ ಗುಂಪಿನಿಂದ ತೆಗೆದೆ.

ವರ್ಷದೊಳಗೆ ಅಂಕಲ್ ಹೋದರು. ಆಂಟಿ ಮನೆ ಮಾರಿ ಟೆಕ್ಸಾಸಿನ ಮಗಳ ಮನೆಗೆ ಹೋದರೆಂದು ಕೇಳಿದೆ. ಹೋದ ಚಳಿಗಾಲದಲ್ಲಿ ಅವರೂ ತೀರಿಕೊಂಡ ಸುದ್ದಿ ಗುಂಪಿಗೆ ಬಂತು. ಎಲ್ಲರ ಹಾಗೆ ನಾನೂ ಕೈಮುಗಿದ ಚಿತ್ರ ಒಂದನ್ನು ಒತ್ತಿ, ಫೋನ್ ಕೆಳಗಿಟ್ಟು, ಪಾತ್ರೆ ತೊಳೆಯಲು ಹೋಗಿದ್ದೆ.

ಈಗ ಇಂಗಿನ ವಾಸನೆಯ ಆ ಪುಸ್ತಕ ಕೈಯಲ್ಲಿತ್ತು. ಕಿಟಕಿ ತೆರೆದ ಸೊಸೆಯದೇ ಕಾದಂಬರಿ. ಸರದಿಯ ಹಾಳೆ ನೋಡಿದೆ. ನಮ್ಮ ಏಳು ಹೆಸರುಗಳಲ್ಲಿ ಕೊನೆಯದು ಆಂಟಿಯದು, ತಂಗಿ ಬಂದು ಒಯ್ಯುವ ತನಕ ಇದೊಂದು ಅವರ ಪ್ಯಾಂಟ್ರಿಯಲ್ಲೇ ಉಳಿದಿರಬೇಕು. ಅದರ ಕೆಳಗೆ ನಾರ್ತ್‌ವಿಲ್‌ನವರದು, ಅವುಗಳಲ್ಲಿ ಮೂರನೆಯದು ನನ್ನ ನಾದಿನಿಯ ಹೆಸರು. ಅವಳು ಆ ಗುಂಪು ಸೇರಿದ್ದು ನನಗೆ ಗೊತ್ತೇ ಇರಲಿಲ್ಲ. ಕಾದಂಬರಿಗೂ ಅವಳಿಗೂ ಆಗಿಬರುವುದಿಲ್ಲ ಎಂದುಕೊಂಡಿದ್ದೆ. ಆಂಟಿಗೆ ಮಾತ್ರ ತಂಗಿಯಿಂದ ಗೊತ್ತಿದ್ದಿರಬೇಕು.

ಕಿಟಕಿಯ ಪುಟ ತೆರೆದೆ. ಅಂಚಿನಲ್ಲಿ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳುವಾಗಿತ್ತು. ಅದರ ಮೇಲೆ ಇನ್ಯಾರೋ ಪೆನ್ಸಿಲನ್ನು ಮಲಗಿಸಿ ತೀಡಿ ಬೂದು ಬಣ್ಣ ಬಳಿದಿದ್ದರು, ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದವಿಟ್ಟು ತೀಡುತ್ತಿದ್ದ ಹಾಗೆ. ಬೂದು ಬಣ್ಣದ ನಡುವೆ ಅಕ್ಷರಗಳು ಬೆಳ್ಳಗೆ ಎದ್ದು ನಿಂತಿದ್ದವು. ಒತ್ತಿ ಬರೆಯುವುದು ನನ್ನ ಹಳೆಯ ಚಾಳಿ. ಒಂದು ಹಾಳೆಯಲ್ಲಿ ಬರೆದರೆ ಮೂರು ಹಾಳೆಗೆ ಮೂಡುತ್ತದೆ ಎಂದು ಅಮ್ಮ ಬೈಯುತ್ತಿದ್ದಳು. “ನನಗೂ ಹೀಗೇ ಆಯಿತು. ಅತ್ತೆ ಹೋದ ದಿನ ಮೈ ಹಗುರವಾಯಿತು.” ನನ್ನದೇ ಕೈಬರಹ. ಬೇಸ್‌ಮೆಂಟಿನಲ್ಲಿ ಆಡುವ ಮೊದಲೇ ಬರೆದಿದ್ದೆ, ಬರೆದದ್ದನ್ನು ಮರೆತಿದ್ದೆ. ಬಾಗಿಲಲ್ಲಿ ಫೋನ್ ಕಿತ್ತಿಟ್ಟುಕೊಂಡವಳು ಗುಟ್ಟನ್ನು ಕೈಯಾರೆ ಬರೆದು ನಾಲ್ಕೂವರೆ ಗಂಟೆ ದೂರದ ಊರಿಗೆ ಕಳಿಸಿದ್ದೆ.

ಅದರ ಕೆಳಗೆ ಆಂಟಿಯ ದುಂಡು ಅಕ್ಷರ: “ಇಲ್ಲಿ ಬರೆದದ್ದನ್ನು ಅಳಿಸಿದ್ದು ನಾನು. ಓದುವವರು ಕ್ಷಮಿಸಬೇಕು.” ಅಳಿಸಿದರೆ ಸಾಲದೆ, ಅಳಿಸಿದ್ದಕ್ಕೆ ಸಹಿಯನ್ನೂ ಹಾಕಿ ಕಳಿಸಿದ್ದರು ಪುಣ್ಯಾತ್ಗಿತ್ತಿ. ಆ ಪ್ರಾಮಾಣಿಕತೆ ನೋಡಿಯೇ ನಾದಿನಿಗೆ ಅನುಮಾನ ಬಂದಿರಬೇಕು, ಅಳಿಸುವಂಥದ್ದು ಏನಿತ್ತು ಎಂದು. ನನ್ನ ಕೈಬರಹ ಅವಳಿಗೆ ಗೊತ್ತು. ಆದರೂ ಅವಳ ಮೇಲೆ ಕೋಪ ಬರಲಿಲ್ಲ. ನಾನಾಗಿದ್ದರೂ ತೀಡಿ ನೋಡುತ್ತಿದ್ದೆ.

ಕಡೆಯ ಪುಟಕ್ಕೆ ಹೋದೆ. ಅಲ್ಲಿ ಎಲ್ಲರೂ ಒಟ್ಟು ಅಭಿಪ್ರಾಯ ಬರೆಯಬೇಕು. ನಾನು ಓದಿದಾಗ ಆಂಟಿಯ ಸರದಿ ಬಂದಿರಲಿಲ್ಲ. ಈಗ ಅವರ ಎರಡು ಸಾಲು ಅಲ್ಲಿದ್ದವು. “ಸೊಸೆ ಕಿಟಕಿ ತೆರೆದದ್ದು ಸರಿಯಾಯಿತು. ಅಷ್ಟು ದಿನ ನೋವು ತಿಂದ ಅತ್ತೆಗೂ ಅವತ್ತು ಹಗುರವಾಗಿರುತ್ತದೆ.” ನಾನು ಗಂಡನಿಗೆ ಹೇಳಲು ಬಾಯಿ ತೆರೆದು ಹೇಳಲಾಗದೆ ಹೋದದ್ದು ಇದೇ. ಅಳು ಬಂತು. ಅತ್ತೆಗೆ ಬಾರದಿದ್ದ ಅಳೆಲ್ಲ ಆಂಟಿಗೆ ಬಂತು.

ಗಂಡ ಬಂದು ಪಕ್ಕದಲ್ಲಿ ಕುಳಿತರು. ಬೂದು ಪಟ್ಟಿಯನ್ನು ನೋಡಿದರು, ಕಡೆಯ ಪುಟವನ್ನು ಎರಡು ಸಲ ಓದಿದರು. ಆಮೇಲೆ, “ಕೊನೇಲಿ ಅಮ್ಮ ತುಂಬಾ ನರಳಿದ್ಲು ಅಲ್ವಾ” ಎಂದರು. ಪುಸ್ತಕ ಮುಚ್ಚಿ, “ಈ ಆಂಟಿ ನಂಬರ್ ಇದೆಯಾ? ಒಂದ್ಸಲ ಮಾತಾಡ್ಬೇಕು” ಎಂದರು.

ಇಲ್ಲ ಎಂದೆ. ಯಾಕೆ ಇಲ್ಲ ಎಂದೂ ಹೇಳಿದೆ, ಗುಂಪಿನಿಂದ ತೆಗೆದದ್ದು, ಹೋದ ಚಳಿಗಾಲದ ಸುದ್ದಿ, ಎರಡನ್ನೂ.

ನಾಳೆ ಎರಡನೆಯ ಶನಿವಾರ. ಕ್ಷಮೆ ಕೇಳಬೇಕಾದವರು ಇಲ್ಲ, ಆದರೆ ನಾನು ಅಂದದ್ದನ್ನು ಅಂದು ಕೇಳಿಸಿಕೊಂಡ ಐದು ಜನ ಇದ್ದಾರೆ. ಪುಸ್ತಕವನ್ನು ಬ್ಯಾಗಿಗೆ ಹಾಕುವ ಮೊದಲು ಕಿಟಕಿಯ ಪುಟ ತೆರೆದು, ಆಂಟಿಯ ಸಾಲಿನ ಕೆಳಗೆ, “ಮೇಲಿನದನ್ನು ಬರೆದದ್ದು ನಾನು, ಮಾತು ಹೊರಗೆ ಹೋದದ್ದು ನನ್ನಿಂದಲೇ” ಎಂದು ಬರೆದು ನನ್ನ ಪೂರ್ತಿ ಹೆಸರು ಹಾಕಿದೆ. ಪೆನ್ಸಿಲ್‌ನಲ್ಲಿ ಅಲ್ಲ, ಪೆನ್ನಿನಲ್ಲಿ.