ಒಂದೇ ಅಕ್ಷರದ ಗುರಿ

ನಮ್ಮ ಬೀದಿಯ ಟೈಲರ್ ಮಾವ ಗುರಿಯಿಲ್ಲದೆ ಒಂದು ಕೆಮ್ಮು ಕೂಡ ಕೆಮ್ಮಿದವರಲ್ಲ. ಅಂಗಡಿಯ ಬಾಗಿಲು ತೆರೆಯುವಾಗಲೇ ಅಂದಿನ ಸಂಕಲ್ಪವನ್ನು ಎದುರು ಸಿಕ್ಕವರಿಗೆ ಸಾರುತ್ತಿದ್ದರು. ಒಮ್ಮೆ ಕೊಳಲು ಕಲಿಯಲು ಹೊರಟರು, ಇನ್ನೊಮ್ಮೆ ಮೋಡಗಳಿಗೆಲ್ಲ ಹೆಸರಿಡಲು. ಮೋಡ ನೋಡುತ್ತ ಹೊಲಿದ ಅಂಗಿಗೆ ಮೂರು ತೋಳು ಬಂದದ್ದೂ ಉಂಟು. ಹೋದ ವರ್ಷ ಅವರ ಹೆಂಡತಿಗೆ, ಅಂದರೆ ನಮ್ಮೆಲ್ಲರ ಅತ್ತೆಗೆ, ಲಕ್ವ ಹೊಡೆದು ಮಾತು ನಿಂತುಹೋಯಿತು. ಮಾವನ ದೊಡ್ಡ ಗುರಿಗಳೆಲ್ಲ ಕರಗಿದವು. "ಪೂರ್ತಿ ಮಾತು ಆಮೇಲೆ ಬರಲಿ. ಮೊದಲು ನನ್ನ 'ರೀ' ಅಂತ ಕರೀಲಿ, ಸಾಕು. ಒಂದೇ ಅಕ್ಷರ ತಾನೇ," ಎಂದು ನನಗೆ ಹೇಳಿದರು. ಅತ್ತೆಯ ಕುರ್ಚಿಯನ್ನು ಹೊಲಿಗೆ ಯಂತ್ರದ ಪಕ್ಕಕ್ಕೇ ತಂದಿಟ್ಟರು. ದಾರ ಕತ್ತರಿಸಿದಾಗಲೆಲ್ಲ ಅವರತ್ತ ತಿರುಗಿ, ತುಟಿ ಅಗಲಿಸಿ "ರೀ" ಎಂದು ಹೇಳಿಕೊಡುತ್ತಿದ್ದರು. ತನ್ನನ್ನು ತಾನೇ ಕರೆದುಕೊಳ್ಳುವ ಗಂಡನನ್ನು ಕಂಡು ಅತ್ತೆಯ ಕಣ್ಣಷ್ಟೇ ನಗುತ್ತಿತ್ತು. ಮೊನ್ನೆ ಮಧ್ಯಾಹ್ನ ನಾನು ಅಂಗಿ ತರಲು ಹೋದಾಗ ಬಿಸಿಲು ಬಟ್ಟೆಯ ರಾಶಿಯ ಮೇಲೆ ಮಲಗಿತ್ತು, ಮಾವ ತಲೆ ತಗ್ಗಿಸಿ ಹೊಲಿಯುತ್ತಿದ್ದರು. "ರೀ," ಎಂದರು ಅತ್ತೆ, ತುಂಬ ಮೆಲ್ಲಗೆ. ಯಂತ್ರ ನಿಂತಿತು. ಮಾವ ತಕ್ಷಣ ತಿರುಗಲಿಲ್ಲ, ಕೈಯಲ್ಲಿದ್ದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡು, ಹಿಂದಿನಂತೆಯೇ ಗೊಣಗುವ ದನಿಯಲ್ಲಿ, "ಏನೇ, ಕೆಲಸದ ಹೊತ್ತಲ್ಲಿ?" ಎಂದರು.