ಶುವೈಖ್ ವರ್ಕ್‌ಶಾಪಿನ ಕೋವಿ

ಕೋವಿಡ್ ನಿರ್ಬಂಧಗಳು ಮುಗಿದ ಮರುವರ್ಷ ನಾನು ಕುವೈತಿನ ಫೊರೆನ್ಸಿಕ್ ವಿಭಾಗವೊಂದರಲ್ಲಿ ಸೀನಿಯರ್ ಎಕ್ಸ್-ರೇ ಟೆಕ್ನಿಷಿಯನ್ ಆಗಿದ್ದೆ. ಶವದೊಳಗೆ ಲೋಹ ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ಪೋಸ್ಟ್‌ಮಾರ್ಟಂಗೆ ಮೊದಲೇ ಡಾಕ್ಟರಿಗೆ ತೋರಿಸುವುದು ನನ್ನ ಕೆಲಸ. ಅಲ್ಲಿ ಗುಂಡೇಟಿನ ಕೇಸುಗಳೇ ಕಡಿಮೆ. ಕೈಯಿಂದ ಮಾಡಿದ ಕೋವಿಯನ್ನಂತೂ ನಾನು ನೋಡಿರಲೇ ಇಲ್ಲ.

ಒಂದು ದಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಿಂದ ಸದಾಶಿವ ಎಂಬವನ ಶವ ಬಂತು. ಪುತ್ತೂರು ಕಡೆಯವನು, ಲೇತ್ ಕೆಲಸಗಾರ. ಹಕ್ಕಿ ಬೇಟೆಯ ಹುಚ್ಚಿನ ಗಿರಾಕಿಯೊಬ್ಬ ಕೇಳಿದನೆಂದು ಪೈಪಿನಲ್ಲಿ ಕೋವಿ ಮಾಡಿದ್ದ. ಕುತ್ತಿಗೆಯಲ್ಲಿ ಒಂದೇ ಗಾಯ. ಶಾಪಿನಲ್ಲಿ ಜೊತೆಗಿದ್ದವನು ಅವನ ಹೆಂಡತಿಯ ತಮ್ಮ ಪ್ರಶಾಂತ ಒಬ್ಬನೇ. ಬೆಳಿಗ್ಗೆ ಇಬ್ಬರೂ ಕೂಗಾಡಿದ್ದನ್ನು ಅಕ್ಕಪಕ್ಕದವರು ಕೇಳಿದ್ದರು. ಪ್ರಶಾಂತನ ಕೈಯಲ್ಲಿ ಕೋವಿಮದ್ದಿನ ಮಸಿಯೂ ಸಿಕ್ಕಿತು. ಪೊಲೀಸರು ಅವನನ್ನು ಒಳಗೆ ಹಾಕಿದರು. ಕೊಲೆ ಎಂದಾದರೆ ನೇಣಿನವರೆಗೂ ಹೋಗಬಹುದಾದ ಕೇಸು.

ಕನ್ನಡ ಬರುತ್ತದೆಂದು, ಪ್ರಶಾಂತನ ಹೇಳಿಕೆಯನ್ನು ತಿಳಿಸಿಕೊಡಲು ತನಿಖಾಧಿಕಾರಿ ನನ್ನನ್ನು ಕರೆಸಿದರು.

"ಬೇಡ ಭಾವ, ಸಿಕ್ಕಿಬಿದ್ರೆ ಇಕಾಮಾ ಖಲಾಸ್, ಇಲ್ಲಿರುವ ಪರ್ಮಿಟ್ಟೇ ಹೋಗ್ತದೆ ಅಂತ ಹೇಳಿದೆ ಸರ್. ಜಗಳ ಆದದ್ದು ಅದಕ್ಕೇ," ಎಂದ ಪ್ರಶಾಂತ. "ಹೊಡೆದು ನೋಡ್ತೇನೆ ಅಂತ ಅವರೇ ಹಿಡ್ಕೊಂಡ್ರು. ರಕ್ತ ನಿಲ್ಲಿಸ್ಲಿಕ್ಕೆ ನಾನು ಗಾಯ ಒತ್ತಿ ಹಿಡಿದದ್ದು, ಅಷ್ಟೇ."

ಒಳಗೆ ಕೂತವರೆಲ್ಲ ಹೀಗೇ ಹೇಳುತ್ತಾರೆ. ನಾನು ನಂಬಲೂ ಇಲ್ಲ, ಬಿಡಲೂ ಇಲ್ಲ. ಶವ ಕಳಿಸುವ ವಿಷಯಕ್ಕೆ ಊರಿಗೆ ಫೋನ್ ಮಾಡಿದಾಗ ಸದಾಶಿವನ ಹೆಂಡತಿ ವಸಂತಿ, "ಅವನ ಹೆಸರು ನನ್ನತ್ರ ಎತ್ತಬೇಡಿ," ಎಂದರು. ಗಂಡನನ್ನು ಕೊಂದವನೆಂದು ಸ್ವಂತ ತಮ್ಮನನ್ನೇ ಹಿಡಿದಿರುವಾಗ ಆಕೆ ಇನ್ನೇನು ಹೇಳಿಯಾರು? ಫೋನಿಟ್ಟು ನಾನು ಮತ್ತೆ ಫಿಲ್ಮಿನ ಮುಂದೆ ಕೂತೆ.

ಎದುರಿನಿಂದ ತೆಗೆದ ಎಕ್ಸ್-ರೇಯಲ್ಲಿ ಲೋಹ ಗುಂಡಿನಂತೆಯೇ ದುಂಡಗೆ ಕಂಡಿತ್ತು. ಪಕ್ಕದಿಂದ ಇನ್ನೊಂದು ತೆಗೆದೆ. ಅಂಚಿನಲ್ಲಿ ಸ್ಕ್ರೂಗಿರುವಂಥ ಸುತ್ತುಗೆರೆಯ ಥ್ರೆಡ್ ಇತ್ತು; ಗುಂಡಿಗೆ ಅದಿರುವುದಿಲ್ಲ. ಡಾಕ್ಟರು ಹೊರತೆಗೆದಾಗ ಅದು ಕೋವಿಯ ಹಿಂಬದಿ ಮುಚ್ಚಿದ್ದ ಬಿರಡೆಯ ಚೂರು. ಹಾರಿಸಿದ ಚರೆ ಗುಂಡುಗಳು ಶಾಪಿನಲ್ಲಿ ಗುರಿಗೆಂದು ಎದುರಿಗಿಟ್ಟಿದ್ದ ಮರಳುಚೀಲದಲ್ಲೇ ಸಿಕ್ಕವು. ಕೋವಿ ಹಿಂದಕ್ಕೆ ಸಿಡಿದಿತ್ತು. ಹಾಗೆ ಸಿಡಿದರೆ ಪೆಟ್ಟು ಬೀಳುವುದು ಹಿಡಿದವನಿಗೆ. ಸುಟ್ಟಿದ್ದುದು ಸದಾಶಿವನ ಅಂಗೈ. ಪ್ರಶಾಂತನ ಕೈಯ ಮಸಿ ಗಾಯದಿಂದ ಅಂಟಿದ್ದೆಂದು ಡಾಕ್ಟರು ವರದಿ ಬರೆದರು.

"ಯಲ್ಲಾ, ಹೊರಡು, ಅವರ ಮನೆಗೆ ನೀನೇ ಹೇಳು," ಎಂದರು ಅಧಿಕಾರಿ. ನಮ್ಮ ವರದಿಗಾಗಿ ಉಸಿರು ಬಿಗಿಹಿಡಿದು ಕಾಯುವವರು ಬದುಕಿರುವವರು ಎಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಆ ಫೋನಿನಲ್ಲಿ.

"ನಿಮ್ಮ ತಮ್ಮ ಹೊಡೆದದ್ದಲ್ಲಮ್ಮ. ಬದುಕಿಸ್ಲಿಕ್ಕೆ ನೋಡಿದ್ದು," ಎಂದೆ.

ತುಂಬಾ ಹೊತ್ತು ವಸಂತಿಯ ಅಳು ಮಾತ್ರ ಕೇಳುತ್ತಿತ್ತು. ಆಮೇಲೆ ಅವರು ಕೇಳಿದರು:

"ಪ್ರಶಾಂತ ಅಲ್ಲಿ ಊಟ ಮಾಡಿದ್ದಾನಾ ಸರ್?"